ಕೆರೆ ತುಂಬಿದೆ, ಲಾಗರ್ ಮಾತ್ರ ಒಂದೂವರೆ ಮೀಟರ್ ಅನ್ನುತ್ತಿದೆ

ಪ್ರಶ್ನೆ: "ಸರ್, ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ ನಾಲ್ಕು ಎಕರೆ ಅಡಿಕೆ ತೋಟ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಕೆರೆಗೆ ಬಿದ್ದು, ಅಲ್ಲಿಂದ 3 ಎಚ್‌ಪಿ ಪಂಪಿನಲ್ಲಿ ತೋಟಕ್ಕೆ ಹೋಗ್ತದೆ. ನೀರಿನ ಲೆಕ್ಕ ಇಡುವ ಅಂತ ಮಗ ಬೆಂಗಳೂರಿನಿಂದ ಒಂದು ಮಾಡ್ಯೂಲರ್ ಡೇಟಾ ಲಾಗರ್ ತಂದುಕೊಟ್ಟ, ಸೆನ್ಸರುಗಳ ಅಳತೆಯನ್ನು ತಾನಾಗಿಯೇ ಬರೆದಿಡುವ ಯಂತ್ರ, ಬೇಕಾದ ಹಾಗೆ ಮಾಡ್ಯೂಲ್ ಅನ್ನುವ ಬಿಡಿ ಘಟಕ ಸೇರಿಸಬಹುದು. ಅದರ ಪೆಟ್ಟಿಗೆ ಕೆರೆ ಬದಿಯ ಪಂಪ್ ಶೆಡ್ಡಿನಲ್ಲಿದೆ. ತೋಟದಲ್ಲಿ ನೆರಳು, ಹಾಗಾಗಿ ಸೋಲಾರ್ ಪ್ಯಾನಲ್, 12 ವೋಲ್ಟಿನ ಬ್ಯಾಟರಿ ಎರಡೂ ಮೇಲೆ ಮನೆಯಲ್ಲಿ. ಅಲ್ಲಿಂದ 60 ಮೀಟರ್ ವಯರು, 0.75 ಸ್ಕ್ವೇರ್ ಎಂಎಂ, ಪಂಪಿನ ಕೇಬಲ್ ಹೋದ ಪೈಪಿನಲ್ಲೇ ಹಾಕಿಸಿದ್ದೇನೆ. ಈಗ ತೊಂದರೆ ಒಂದೆರಡಲ್ಲ. ಬೆಳಗಿನ ಜಾವ ಲಾಗರ್ ತಾನಾಗಿಯೇ ಆಫ್ ಆಗಿ ಆನ್ ಆಗ್ತದೆ. ಕೆರೆಯಲ್ಲಿ 4 ಮೀಟರ್ ನೀರಿದ್ದರೂ ರಾತ್ರಿ 1.5 ಅಂತಲೂ ಮಧ್ಯಾಹ್ನ 3.5 ಅಂತಲೂ ತೋರಿಸ್ತದೆ. ಡ್ರಿಪ್ಪಿನ ವಾಲ್ವ್ ತೆರೆದ ತಕ್ಷಣ ಮಣ್ಣಿನ ತೇವ ಮೇಲೆ ಹೋಗ್ತದೆ. ಪಂಪ್ ಚಾಲೂ ಆದರೆ ಎಲ್ಲವೂ ಕುಣೀತದೆ. ಅಡಿಕೆ ಡ್ರೈಯರಿನ ಬಿಸಿ ಅಳೆಯುವ ಪಿಟಿ-100 ಸೆನ್ಸರ್ 6 ಡಿಗ್ರಿ ಜಾಸ್ತಿ ತೋರಿಸ್ತದೆ. ಮಳೆ ಮಾಪಕ ಒಂದೇ ಸರಿ ಇದೆ. ಕಳೆದ ಅಕ್ಟೋಬರಿನ ಗುಡುಗಿಗೆ ಒಂದು ಮಾಡ್ಯೂಲ್ ಹೋಯಿತು. ನಮ್ಮ ವಯರಿಂಗಿನವರು ಉಪ್ಪು-ಇದ್ದಿಲು ಹಾಕಿ ಇನ್ನೊಂದು ಅರ್ತಿಂಗ್ ಮಾಡುವ ಅಂತಾರೆ. ಫ್ಯೂಸ್ ಹೋಗ್ತಾ ಇತ್ತು ಅಂತ 1 ಆಂಪಿಯರಿಂದ 10 ಆಂಪಿಯರಿಗೆ ಬದಲಿಸಿದ್ದಾರೆ. ಲಾಗರೇ ಹಾಳಾಗಿದೆಯಾ? ಬೇರೆ ತಗೊಳ್ಳಬೇಕಾ? ಸುರಂಗದ ಹರಿವು ಅಳೆಯಲಿಕ್ಕೆ ಇನ್ನೊಂದು ಮಾಡ್ಯೂಲ್ ಸೇರಿಸಬಹುದಾ? ಫೋಟೋಗಳನ್ನೂ ಕಳಿಸಿದ್ದೇನೆ."

ಉತ್ತರ: ಬೇರೆ ತಗೊಳ್ಳಬೇಡಿ ಮಾರಾಯ್ರೆ. ಇವತ್ತು ಹೊಸದು ತಂದು ಅದೇ ವಯರುಗಳಿಗೆ ಸಿಕ್ಕಿಸಿದರೆ ನಾಳೆ ಅದೂ ಒಂದೂವರೆ ಮೀಟರ್ ಅಂತಲೇ ಹೇಳ್ತದೆ.

ಮಳೆ ಮಾಪಕ ಸರಿ ಇದೆ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಮಳೆ ಮಾಪಕದೊಳಗೆ ಇರುವುದು ಒಂದು ಸಣ್ಣ ರೀಡ್ ಸ್ವಿಚ್. ಮಳೆ ನೀರು ತುಂಬಿ ಒಳಗಿನ ಸೌಟು ಮಗುಚಿದಾಗಲೆಲ್ಲ ಒಂದು ಸಲ ಕಚ್ಚಿ ಬಿಡ್ತದೆ, ಲಾಗರ್ ಲೆಕ್ಕ ಹಾಕ್ತದೆ. ಇದೆ ಅಥವಾ ಇಲ್ಲ, ಅಷ್ಟೇ. ನಡುವೆ ಅರ್ಧ ವೋಲ್ಟ್ ಆಚೆ ಈಚೆ ಆದರೂ ಅದಕ್ಕೆ ಗೊತ್ತಾಗುವುದೇ ಇಲ್ಲ. ಉಳಿದ ಸೆನ್ಸರುಗಳು ಹಾಗಲ್ಲ, ಅವು ವೋಲ್ಟೇಜನ್ನೋ ಕರೆಂಟನ್ನೋ ಅಳತೆ ಮಾಡಿ ಹೇಳುವಂಥವು. ಅವೆಲ್ಲ ಒಟ್ಟಿಗೆ ಕೆಟ್ಟು, ಇದೊಂದೇ ಚೆನ್ನಾಗಿದ್ದರೆ ಲಾಗರಿನ ತಲೆ ಸರಿ ಇದೆ ಅಂತಲೇ ಅರ್ಥ. ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾರ್ಖಾನೆಗಳಲ್ಲಿ ಇದೇ ಕೆಲಸ ಮಾಡಿದವನು, ಈಗ ಊರಿಗೆ ಬಂದ ಮೇಲೆ ತೋಟದವರ ಪೆಟ್ಟಿಗೆಗಳನ್ನೂ ಬಿಚ್ಚಿ ನೋಡ್ತಾ ಇರ್ತೇನೆ. "ಲಾಗರ್ ಹೋಯಿತು" ಅಂತ ಬರುವವರಲ್ಲಿ ಹೆಚ್ಚಿನವರದ್ದು ಮೈನಸ್ ವಯರಿನ ತೊಂದರೆ. ಪ್ಲಸ್ ಎಲ್ಲಿಂದ ಬಂತು ಅಂತ ಎಲ್ಲರೂ ನೋಡ್ತಾರೆ. ಆ ಕರೆಂಟು ಯಾವ ದಾರಿಯಲ್ಲಿ ವಾಪಸು ಹೋಗ್ತದೆ ಅಂತ ನೋಡುವವರು ಕಡಿಮೆ.

ಬೆಳಗಿನ ಜಾವದ ಆಫ್-ಆನ್ ಮೊದಲು ನೋಡುವ. ಸಮಯ ಬರೆದಿಟ್ಟುಕೊಳ್ಳಿ, ಗಂಟೆ ಸರಿಯಾಗಿ ಹೊಡೆಯುವಾಗಲೇ ಆಗ್ತಿರಬೇಕು. ನಿಮ್ಮ ಲಾಗರಿನ ಮೋಡೆಮ್ ಗಂಟೆಗೊಮ್ಮೆ ಡೇಟಾ ಕಳಿಸುವ ಹಾಗೆ ಸೆಟ್ ಮಾಡಿರ್ತಾರೆ. ಸುಮ್ನೆ ಕೂತಿರುವಾಗ ಲಾಗರ್ 50-100 ಮಿಲಿ ಆಂಪಿಯರ್ ತಿಂದರೆ, ಮೋಡೆಮ್ ಟವರಿಗೆ ಕೂಗುವ ಆ ಕ್ಷಣದಲ್ಲಿ, ಅದೂ ನಮ್ಮ ಗುಡ್ಡದ ಸಂದಿಯಲ್ಲಿ ಸಿಗ್ನಲ್ ಕಡಿಮೆ ಇರುವಲ್ಲಿ ಗಟ್ಟಿಯಾಗಿ ಕೂಗಬೇಕಾಗುವುದರಿಂದ, 1 ಆಂಪಿಯರ್ ಆಸುಪಾಸು ಎಳೆಯಬಹುದು. 0.75ರ ವಯರಿಗೆ ಒಂದು ಕಿಲೋಮೀಟರಿಗೆ ಸುಮಾರು 26 ಓಮ್. ನಿಮ್ಮದು 60 ಮೀಟರ್ ಅಂದರೂ ಕರೆಂಟಿಗೆ 120 ಮೀಟರ್, ಹೋಗಿ ಬರಬೇಕಲ್ವಾ. ಹಾಗಾಗಿ 3.1 ಓಮ್. 1 ಆಂಪಿಯರ್ ಹರಿದರೆ ದಾರಿಯಲ್ಲೇ 3.1 ವೋಲ್ಟ್ ಹೋಯಿತು.

ಸಂಜೆ ಬ್ಯಾಟರಿಯಲ್ಲಿ 12.5 ಇದ್ದಾಗ ಪೆಟ್ಟಿಗೆಗೆ 9.4 ಉಳೀತದೆ, ಲಾಗರ್ ತಡೆದುಕೊಳ್ತದೆ. ಬೆಳಗಿನ ಜಾವಕ್ಕೆ ಬ್ಯಾಟರಿ 12.1ಕ್ಕೆ ಇಳಿದಿರ್ತದೆ, ಪೆಟ್ಟಿಗೆಗೆ 9. ಈ ಲಾಗರುಗಳ ಮೇಲೆ ಸಾಮಾನ್ಯವಾಗಿ 9ರಿಂದ 30 ವೋಲ್ಟ್ ಅಂತ ಬರೆದಿರ್ತದೆ, ಅಂದರೆ ನೀವು ಗೆರೆಯ ಮೇಲೆ ನಿಂತಿದ್ದೀರಿ. ಇನ್ನೊಂದು ಕೀಟಲೆ ಏನೆಂದರೆ ಒಳಗಿನ ಪವರ್ ಸರ್ಕ್ಯೂಟ್ ವೋಲ್ಟೇಜ್ ಕಡಿಮೆಯಾದಷ್ಟೂ ಕರೆಂಟು ಜಾಸ್ತಿ ಎಳೀತದೆ, ಕರೆಂಟು ಜಾಸ್ತಿಯಾದಷ್ಟೂ ವೋಲ್ಟೇಜ್ ಇನ್ನೂ ಬೀಳ್ತದೆ. ಮುಗ್ಗರಿಸಿದವನನ್ನು ಹಿಂದಿನಿಂದ ನೂಕಿದ ಹಾಗೆ. ಮಲ್ಟಿಮೀಟರಿನಲ್ಲಿ ಇದು ಕಾಣುವುದಿಲ್ಲ, ಮೀಟರ್ ಕಣ್ಣು ಬಿಡುವಷ್ಟರಲ್ಲಿ ಎಲ್ಲ ಮುಗಿದಿರ್ತದೆ. ನೋಡಬೇಕಿದ್ದರೆ ಎರಡು ರಾತ್ರಿ ಮೋಡೆಮ್ ಕಳಚಿಡಿ. ಲಾಗರ್ ಆಫ್ ಆಗದಿದ್ದರೆ ಕಳ್ಳ ಸಿಕ್ಕಿದ.

ಕೆರೆಯ ಮಟ್ಟದ ಸಂಗತಿ ನನಗೆ ಇದಕ್ಕಿಂತ ಇಷ್ಟ, ಯಾಕೆಂದರೆ ನೀವು ಕೊಟ್ಟ ಎರಡು ಅಂಕೆಗಳೇ ಸಾಕ್ಷಿ. ನಿಮ್ಮ ಲೆವೆಲ್ ಸೆನ್ಸರ್ 0-5 ಮೀಟರಿನದು, 4-20 ಮಿಲಿ ಆಂಪಿಯರ್ ಕೊಡುವಂಥದ್ದು ಅಂತ ನೀವು ಕಳಿಸಿದ ಲೇಬಲಿನ ಫೋಟೋದಲ್ಲಿದೆ. ಸೊನ್ನೆ ನೀರಿಗೆ 4, ಐದು ಮೀಟರಿಗೆ 20. ಲೇಬಲಿನ ಕೆಳಗಿನ ಸಾಲಿನಲ್ಲಿ 10-30 ವೋಲ್ಟ್ ಅಂತಲೂ ಇದೆ. ಆ 10 ವೋಲ್ಟ್ ಸೆನ್ಸರಿನ ಎರಡು ಕಾಲುಗಳ ನಡುವೆಯೇ ಸಿಗಬೇಕು, ಬ್ಯಾಟರಿಯಲ್ಲಿದ್ದರೆ ಸಾಲದು. ಲಾಗರಿನ ಮಾಡ್ಯೂಲಿನೊಳಗೆ 250 ಓಮಿನ ರೆಸಿಸ್ಟರ್ ಇದೆ, ಅದೇ ಕರೆಂಟು ಅದರ ಮೂಲಕವೂ ಹಾದು ಹೋಗಬೇಕು, ಅದಕ್ಕೂ ಪಾಲು ಕೊಡಬೇಕು. ಕೆರೆಯಲ್ಲಿ 4 ಮೀಟರ್ ನೀರಿದ್ದರೆ ಸೆನ್ಸರ್ 16.8 ಮಿಲಿ ಆಂಪಿಯರ್ ಹರಿಸಬೇಕು. ರೆಸಿಸ್ಟರಿಗೆ 4.2 ವೋಲ್ಟ್, ಸೆನ್ಸರಿಗೆ 10, ಒಟ್ಟು 14.2. ಪೆಟ್ಟಿಗೆಯಲ್ಲಿ ಮೀಟರ್ ಹಿಡಿದರೆ ರಾತ್ರಿ ಇರುವುದು 12.2 ಆಸುಪಾಸು. ಸೆನ್ಸರಿಗೆ 10 ಬಿಟ್ಟರೆ ಉಳಿದದ್ದು 2.2, ಅದನ್ನು 250ರಿಂದ ಭಾಗಿಸಿದರೆ 8.8 ಮಿಲಿ ಆಂಪಿಯರ್. ಲಾಗರಿನ ಲೆಕ್ಕದಲ್ಲಿ ಅದು ಸರಿಯಾಗಿ 1.5 ಮೀಟರ್! ಮಧ್ಯಾಹ್ನ ಪ್ಯಾನಲ್ ಚಾರ್ಜ್ ಮಾಡುವಾಗ 13.8 ವೋಲ್ಟ್ ಬಂತು ಅಂತಿಟ್ಟುಕೊಳ್ಳಿ, ಇದೇ ಲೆಕ್ಕ ಮಾಡಿದರೆ 15.2 ಮಿಲಿ ಆಂಪಿಯರ್, 3.5 ಮೀಟರ್. ಅಂದರೆ ನಿಮ್ಮ ಲಾಗರ್ ಇಷ್ಟು ದಿನ ಅಳೆದದ್ದು ಕೆರೆಯನ್ನಲ್ಲ, ಬ್ಯಾಟರಿಯನ್ನು. ಬೇಸಿಗೆಯಲ್ಲಿ ನೀರು ಒಂದು ಮೀಟರಿಗೆ ಇಳಿದಾಗ ಇದೇ ಸೆನ್ಸರ್ ಸರಿಯಾಗಿ ಹೇಳ್ತಿತ್ತು ಅನ್ನುವುದೂ ನಿಮಗೆ ನೆನಪಿರಬಹುದು.

ಇದಕ್ಕೆ ದಾರಿ ಎರಡು. 250ರ ಬದಲು 100 ಓಮ್ ರೆಸಿಸ್ಟರ್ ಹಾಕಿ ಲಾಗರಿನಲ್ಲಿ ಲೆಕ್ಕ ಬದಲಿಸುವುದು. ಆಗ 20 ಮಿಲಿ ಆಂಪಿಯರಿಗೆ 2 ವೋಲ್ಟ್ ಸಾಕು, 12.2ರಲ್ಲಿ ಹೇಗೋ ನಡೀತದೆ, 11.9ಕ್ಕೆ ಇಳಿದ ದಿನ ಮತ್ತೆ ಅದೇ ಕಥೆ. ಹಾಗಾಗಿ ನಾನು ಎರಡನೆಯದ್ದೇ ಹೇಳುವುದು: ಪೆಟ್ಟಿಗೆಯೊಳಗೆ 12ರಿಂದ 24 ವೋಲ್ಟ್ ಮಾಡುವ ಸಣ್ಣ ಕನ್ವರ್ಟರ್ ಇಟ್ಟು, ಈ ಸೆನ್ಸರಿಗೆ ಮಾತ್ರ ಅದರಿಂದ ಕೊಡಿ. ಮಣ್ಣಿನ ಸೆನ್ಸರಿಗೆ ತಪ್ಪಿಯೂ ಅದನ್ನು ಕೊಡಬೇಡಿ, ಅದರ ಲೇಬಲ್ ಮೊದಲು ಓದಿ, 5 ವೋಲ್ಟಿನವೂ ಇರ್ತವೆ. ಲಾಗರಿನಲ್ಲಿ ಪವರ್ ಸ್ವಿಚ್ ಮಾಡುವ ಔಟ್‌ಪುಟ್ ಇದ್ದರೆ ಅಳತೆಗೆ ಕೆಲವು ಸೆಕೆಂಡ್ ಮೊದಲು ಮಾತ್ರ ಸೆನ್ಸರ್ ಆನ್ ಆಗುವ ಹಾಗೆ ಮಾಡಿ, ಬ್ಯಾಟರಿ ಉಳೀತದೆ. ಇನ್ನೊಂದು ಗುರುತು ಇಟ್ಟುಕೊಳ್ಳಿ. ಈ ಸೆನ್ಸರುಗಳಲ್ಲಿ ಕೆರೆ ಪೂರ್ತಿ ಒಣಗಿದರೂ 4 ಇರಲೇಬೇಕು. 3.6ಕ್ಕಿಂತ ಕೆಳಗೆ ಹೋದರೆ ವಯರು ತುಂಡಾಗಿದೆ ಅಥವಾ ಸೆನ್ಸರ್ ಹೋಗಿದೆ, ನೀರಿನ ಸುದ್ದಿ ಅದಲ್ಲ.

ವಾಲ್ವ್ ತೆರೆದ ತಕ್ಷಣ ತೇವ ಏರುವುದು ನೋಡಿ "ಸೆನ್ಸರ್ ಭಾರೀ ಫಾಸ್ಟ್" ಅಂತ ನಿಮ್ಮ ಮಗ ಹೇಳಿದ್ದನ್ನೂ ಬರೆದಿದ್ದೀರಿ. ನೀರು ಇನ್ನೂ ಪೈಪಿನಲ್ಲೇ ಇರುವಾಗ ಮಣ್ಣು ಒದ್ದೆ ಆಗುವುದು ಹೇಗೆ? ನೀವು ಕಳಿಸಿದ ಫೋಟೋದಲ್ಲಿ ಒಂದು ಕಪ್ಪು ವಯರು ಪೆಟ್ಟಿಗೆಯಿಂದ ಹೊರಟು ಮೊದಲ ಮಣ್ಣಿನ ಸೆನ್ಸರಿಗೆ, ಅಲ್ಲಿಂದ ಎರಡನೆಯದ್ದಕ್ಕೆ, ಅಲ್ಲಿಂದ ವಾಲ್ವಿಗೆ ಹೋಗಿದೆ. ಮನೆಯಲ್ಲಿ ಸ್ವಿಚ್ ಬೋರ್ಡಿಗೆ ನ್ಯೂಟ್ರಲ್ ಲೂಪ್ ಹೊಡೆಯುವ ಹಾಗೆ. ಬಲ್ಬಿಗೆ ಅದು ಸರಿ, ಇಲ್ಲಿ ಅಲ್ಲ. ವಾಲ್ವ್ 0.4 ಆಂಪಿಯರ್ ಎಳೀತದೆ, ಅದು ವಾಪಸು ಬರುವುದು ಸೆನ್ಸರಿನ ಮೈನಸ್ಸಿನ ಮೂಲಕವೇ. 20 ಮೀಟರ್ ವಯರಿಗೆ ಅರ್ಧ ಓಮ್. ಅರ್ಧ ಓಮಿಗೆ 0.4 ಅಂದರೆ 0.2 ವೋಲ್ಟ್. ಸೆನ್ಸರಿನ ಕಾಲು ಅಷ್ಟು ಎತ್ತರಕ್ಕೆ ಏರ್ತದೆ, ಅದರ ಜೊತೆ ಸಿಗ್ನಲ್ಲೂ ಏರ್ತದೆ. 2.5 ವೋಲ್ಟಿಗೆ 50 ಶೇಕಡಾ ತೇವ ತೋರಿಸುವ ಸೆನ್ಸರಿನಲ್ಲಿ ಅದು 4 ಶೇಕಡಾ. 24 ಇದ್ದದ್ದು ಒಂದೇ ಸಲ 28. ವಾಲ್ವ್ ಮುಚ್ಚಿದರೆ ಮತ್ತೆ 24.

ವಾಲ್ವಿಗೆ ಪ್ಲಸ್-ಮೈನಸ್ ಎರಡೂ ಬೇರೆ ಜೋಡಿ ವಯರು, ನೇರ ಬ್ಯಾಟರಿ ಟರ್ಮಿನಲ್ಲಿಗೆ, ಅದರದ್ದೇ ಫ್ಯೂಸಿನ ಮೂಲಕ. ಪ್ರತಿ ಸೆನ್ಸರಿನ ಮೈನಸ್ ಬೇರೆ ಬೇರೆಯಾಗಿ ಲಾಗರಿನ ಕನೆಕ್ಟರಿಗೆ. ಮಾಡ್ಯೂಲಿನಲ್ಲಿ ಡಿಫರೆನ್ಷಿಯಲ್ ಇನ್‌ಪುಟ್ ಇದ್ದರೆ ಅದನ್ನೇ ಬಳಸಿ, ಆಗ ಲಾಗರ್ ಸಿಗ್ನಲ್ಲನ್ನು ಸೆನ್ಸರಿನ ಸ್ವಂತ ಮೈನಸ್ಸಿಗೆ ಹೋಲಿಸಿ ನೋಡ್ತದೆ. ಚಾನಲ್ ಸಂಖ್ಯೆ ಅರ್ಧ ಆಗ್ತದೆ, ಪರವಾಗಿಲ್ಲ. ವಾಲ್ವಿನ ಎರಡು ಕಾಲಿಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿ, ಯಾವುದೇ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 4007 ಅಂತ ಕೇಳಿದರೆ ಕೊಡ್ತಾರೆ. ಬೆಳ್ಳಿ ಗೀಟು ಇರುವ ತುದಿ ಪ್ಲಸ್ಸಿಗೆ. ಉಲ್ಟಾ ಹಾಕಿದರೆ ಶಾರ್ಟ್. ವಾಲ್ವ್ ಆಫ್ ಆಗುವಾಗ ಅದರ ಕಾಯಿಲ್ ಒದೆಯುವ ಒದೆತಕ್ಕೆ ರಿಲೇ ಮಾಡ್ಯೂಲಿನ ಕಾಂಟ್ಯಾಕ್ಟ್ ಸುಡುವುದು ಇದರಿಂದ ತಪ್ತದೆ.

ಈಗ ಪಂಪ್ ಚಾಲೂ ಆದಾಗಿನ ಕುಣಿತ. ಇಲ್ಲಿ ಸ್ವಲ್ಪ ಜಾಗ್ರತೆ ಬೇಕು, ಯಾಕೆಂದರೆ ಇದು ಬರೀ ಅಳತೆಯ ವಿಷಯ ಆಗಿರಲಿಕ್ಕಿಲ್ಲ. ಪಂಪಿನ 230 ವೋಲ್ಟ್ ಕೇಬಲ್ಲೂ 12 ವೋಲ್ಟಿನ ವಯರೂ ಒಂದೇ ಪೈಪಿನಲ್ಲಿ 60 ಮೀಟರ್ ಒಂದನ್ನೊಂದು ಅಪ್ಪಿಕೊಂಡು ಹೋಗಿವೆ. ಇದು ಮಾಡಲೇಬಾರದ ಕೆಲಸ. ಗಲಾಟೆ ಬರುವುದು ಒಂದು, ಪೈಪಿನೊಳಗೆ ಇಲಿ ಕಡಿದು ಎರಡೂ ತಾಗಿದರೆ 12 ವೋಲ್ಟ್ ಅಂತ ಧೈರ್ಯದಲ್ಲಿ ಮುಟ್ಟಿದವನ ಗತಿ ಏನು ಅನ್ನುವುದು ಇನ್ನೊಂದು. ಬೇರೆ ಪೈಪ್, ನಡುವೆ ಒಂದಡಿ ಅಂತರ. ದಾಟಲೇಬೇಕಾದಲ್ಲಿ ನೇರ ಅಡ್ಡಲಾಗಿ ದಾಟಿಸಿ.

ಅದಕ್ಕಿಂತ ದೊಡ್ಡ ಕಾರಣ ಅರ್ತಿಂಗ್. ನಿಮ್ಮ ಬ್ಯಾಟರಿಯ ಮೈನಸ್ಸನ್ನು ಮನೆಯ ಅರ್ತಿಗೆ ಕಟ್ಟಿದ್ದಾರೆ, ಕೆಳಗೆ ಪೆಟ್ಟಿಗೆಯನ್ನು ಪಂಪಿನ ಅರ್ತಿಗೆ ಕಟ್ಟಿದ್ದಾರೆ. ಸೆನ್ಸರ್ ಕೇಬಲಿನ ಶೀಲ್ಡ್ ಜಾಲರಿಯನ್ನೂ ಎರಡೂ ತುದಿಗೆ ಕಟ್ಟಿದ್ದಾರೆ. ಎಷ್ಟು ಕಡೆ ಅರ್ತ್ ಮಾಡಿದರೆ ಅಷ್ಟು ಒಳ್ಳೇದು ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಭೂಮಿ ಎಲ್ಲ ಕಡೆ ಒಂದೇ ವೋಲ್ಟೇಜಿನಲ್ಲಿ ಇರುವುದಿಲ್ಲ. ಮೇಲೆ ಮನೆಯ ಹತ್ತಿರ ಒಣ ಮುರಕಲ್ಲು, ಕೆಳಗೆ ಕೆರೆಯ ಬದಿ ಕೆಸರು. ಎರಡು ಅರ್ತುಗಳ ನಡುವೆ ಒಂದೆರಡು ವೋಲ್ಟ್ ವ್ಯತ್ಯಾಸ ಇದ್ದರೆ ಆ ಕರೆಂಟು ಸುಲಭದ ದಾರಿ ಹುಡುಕಿ ನಿಮ್ಮ ಮೈನಸ್ ವಯರಿನಲ್ಲೂ ಶೀಲ್ಡಿನಲ್ಲೂ ಹರೀತದೆ. ಶೀಲ್ಡ್ ಕಟ್ಟುವುದು ಲಾಗರಿನ ತುದಿಯಲ್ಲಿ ಮಾತ್ರ. ಸೆನ್ಸರಿನ ತುದಿಯಲ್ಲಿ ಕತ್ತರಿಸಿ ಟೇಪ್ ಸುತ್ತಿ ಬಿಡಿ.

ಇದನ್ನು ಪರೀಕ್ಷೆ ಮಾಡಬಹುದು. ವಯರಿಂಗಿನವರನ್ನು ಕರೆದು, 12 ವೋಲ್ಟಿನ ಜೋಡಿ ಕಳಚಿ, ಪಂಪ್ ಓಡುವಾಗ ಮನೆಯಿಂದ ಬಂದ ಮೈನಸ್ ವಯರಿಗೂ ಪಂಪ್ ಶೆಡ್ಡಿನ ಅರ್ತಿಗೂ ನಡುವೆ ಎಸಿ ವೋಲ್ಟ್ ನೋಡಲಿಕ್ಕೆ ಹೇಳಿ. ಒಂದೆರಡು ವೋಲ್ಟ್ ಇದ್ದರೆ ನಾನು ಹೇಳಿದ ಕಾರಣ. ಹತ್ತು, ಇಪ್ಪತ್ತು, ಮೂವತ್ತು ಅಂತ ಏರಿದರೆ ಪಂಪ್ ಆಫ್ ಮಾಡಿ, ಲಾಗರಿನ ಯೋಚನೆ ಬದಿಗಿಡಿ. ಮೋಟಾರಿನ ವೈಂಡಿಂಗೋ ಕೇಬಲಿನ ಜಾಯಿಂಟೋ ಲೀಕ್ ಆಗ್ತಿದೆ, ಕೆರೆಗೆ ಇಳಿಯುವವರ ಜೀವಕ್ಕೆ ಅಪಾಯ. ಪಂಪಿನ ಲೈನಿಗೆ, ಕರೆಂಟು ಸೋರಿದರೆ ತಾನಾಗಿ ಆಫ್ ಮಾಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯಾ ಅಂತಲೂ ನೋಡಿ. "ಅದು ಪದೇ ಪದೇ ಬೀಳ್ತದೆ ಅಂತ ತೆಗೆಸಿದೆ" ಅಂತ ಹೇಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದು ಬೀಳುವುದಕ್ಕೆ ಕಾರಣ ಇರ್ತದೆ ಸ್ವಾಮೀ.

ಉಪ್ಪು-ಇದ್ದಿಲಿನ ಅರ್ತಿಂಗ್ ಬಗ್ಗೆ. ಅದು ಮೂಢನಂಬಿಕೆ ಅಲ್ಲ. ನಮ್ಮ ಮುರಕಲ್ಲಿನ ಜಾಗದಲ್ಲಿ ಅರ್ತ್ ಪೈಪಿಗೆ ಒದ್ದೆ ಹಿಡಿಯುವ ಹೊದಿಕೆ ಬೇಕೇ ಬೇಕು. ಆದರೆ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಉಪ್ಪು ಎಷ್ಟು ದಿನ ನಿಲ್ತದೆ? ತೊಳೆದು ಹೋಗ್ತದೆ, ಇದ್ದಷ್ಟು ದಿನ ಪೈಪನ್ನೂ ತಿನ್ತದೆ. ಮನೆಯ ಅಂಗಳ ಅಗೆಯುವ ಬದಲು ಕೆರೆಯ ಬದಿಯ ತಂಪು ಮಣ್ಣಿನಲ್ಲಿ ಎರಡೂವರೆ ಮೀಟರ್ ಜಿಐ ಪೈಪ್ ಇಳಿಸಿದರೆ ಬೇಸಿಗೆಯಲ್ಲೂ ಒಳ್ಳೆ ಅರ್ತ್ ಸಿಗ್ತದೆ. ಮುಖ್ಯ ಮಾತು, ಅದನ್ನು "ಲಾಗರಿಗೆ ಮಾತ್ರ ಬೇರೆ ಶುದ್ಧ ಅರ್ತ್" ಅಂತ ಒಂಟಿಯಾಗಿ ಬಿಡಬೇಡಿ. ಪಂಪ್ ಶೆಡ್ಡಿನಲ್ಲಿ ಈಗಾಗಲೇ ಇರುವ ಅರ್ತಿಗೆ ದಪ್ಪ ತಾಮ್ರದ ವಯರಿನಲ್ಲಿ ಸೇರಿಸಿ ಒಂದೇ ಮಾಡಿ. ಒಂದೇ ಜಾಗದಲ್ಲಿ ಎರಡು ಅರ್ತ್ ಬೇರೆ ಬೇರೆ ಇದ್ದರೆ ಸಿಡಿಲು ಬಂದ ದಿನ ಅವೆರಡರ ನಡುವಿನ ಜಗಳ ಲಾಗರಿನ ಹೊಟ್ಟೆಯಲ್ಲಿ ನಡೀತದೆ.

ಅಕ್ಟೋಬರಿನಲ್ಲಿ ಹೋದ ಮಾಡ್ಯೂಲ್ ಬಹುಶಃ ಹಾಗೆಯೇ ಹೋದದ್ದು. ಸಿಡಿಲು ನಿಮ್ಮ ಪೆಟ್ಟಿಗೆಗೆ ಬಡಿದಿದ್ದರೆ ಪೆಟ್ಟಿಗೆಯೇ ಉಳೀತಿರಲಿಲ್ಲ. ಅರ್ಧ ಫರ್ಲಾಂಗ್ ಆಚೆ ತೆಂಗಿನ ಮರಕ್ಕೆ ಬಿದ್ದರೂ ಸಾಕು, ಮೇಲಿನ ಮನೆಯ ಅರ್ತಿಗೂ ಕೆಳಗಿನ ಕೆರೆಯ ಅರ್ತಿಗೂ ನಡುವೆ ಆ ಕ್ಷಣಕ್ಕೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರ್ತದೆ, ನಿಮ್ಮ 60 ಮೀಟರ್ ವಯರು ಅದಕ್ಕೆ ಸೇತುವೆ. ಸ್ಟೆಬಿಲೈಸರ್, ಇನ್ವರ್ಟರ್ ಇದಕ್ಕೆ ಏನೂ ಮಾಡುವುದಿಲ್ಲ. ಫ್ಯೂಸೂ ಮಾಡುವುದಿಲ್ಲ, ಅದು ಕರಗುವ ಮೊದಲೇ ಕೆಲಸ ಮುಗಿದಿರ್ತದೆ.

ಹಾಗಾದರೆ ಏನು ಮಾಡುವುದು? ನನ್ನ ಮಟ್ಟಿಗೆ ಉತ್ತರ ಒಂದೇ, ಆ 60 ಮೀಟರ್ ವಯರನ್ನೇ ತೆಗೆದುಬಿಡಿ. ಬ್ಯಾಟರಿಯನ್ನು ಪಂಪ್ ಶೆಡ್ಡಿಗೆ ತನ್ನಿ, ಕೆರೆಯ ದಂಡೆಯಲ್ಲಿ ಆಕಾಶ ಕಾಣುವ ಜಾಗದಲ್ಲಿ 20 ವ್ಯಾಟಿನ ಸಣ್ಣ ಪ್ಯಾನಲ್ ಒಂದು ಕಂಬಕ್ಕೆ ಕಟ್ಟಿ. ಜಾವದ ಆಫ್-ಆನ್ ಹೋಯಿತು, ಪಂಪಿನ ಗಲಾಟೆ ಹೆಚ್ಚಿನಂಶ ಹೋಯಿತು, ಸಿಡಿಲಿನ ಸೇತುವೆ ಹೋಯಿತು. ನೆರಳಿನ ಕಷ್ಟ ನನಗೆ ಗೊತ್ತು. ಅಡಿಕೆ ತೋಟದಲ್ಲಿ ಪ್ಯಾನಲ್ಲಿಗೆ ಒಂದು ಸೋಗೆಯ ನೆರಳು ಅಡ್ಡ ಬಂದರೂ ಕರೆಂಟು ಪೂರ್ತಿ ಬಿದ್ದುಹೋಗ್ತದೆ. ಆದರೆ ಲಾಗರಿಗೆ ದಿನಕ್ಕೆ ಬೇಕಾದ್ದು ಒಂದೂಕಾಲರಿಂದ ಎರಡೂವರೆ ಆಂಪಿಯರ್-ಅವರ್ ಅಷ್ಟೇ. ವಾಲ್ವಿಗೆ ಜಾಸ್ತಿ ಬೇಕು, ಅದು ಓಡುವುದು ಬೇಸಿಗೆಯಲ್ಲಿ, ಆಗ ಬಿಸಿಲಿಗೆ ಬರ ಇಲ್ಲ. ಕಷ್ಟದ ಕಾಲ ಆಟಿ ತಿಂಗಳು, ಅಂದರೆ ಜುಲೈ-ಆಗಸ್ಟ್. ವಾರಗಟ್ಟಲೆ ಮೋಡ, ಪ್ಯಾನಲ್ ಹತ್ತರಲ್ಲಿ ಒಂದು ಪಾಲು ಕೊಟ್ಟರೆ ಹೆಚ್ಚು. ಹಾಗಾಗಿ 7 ಆಂಪಿಯರ್-ಅವರಿನ ಯುಪಿಎಸ್ ಬ್ಯಾಟರಿ ಸಾಲದು, 18 ಅಥವಾ 20ರದ್ದು ಹಾಕಿ.

ಇದರಲ್ಲಿ ಅಪಾಯವೂ ಇದೆ. ಲೆಡ್-ಆಸಿಡ್ ಬ್ಯಾಟರಿಯನ್ನು ಲಾಗರಿನ ಜೊತೆ ಗಾಳಿಯಾಡದ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಬೇಡಿ, ಚಾರ್ಜ್ ಆಗುವಾಗ ಬರುವ ಗ್ಯಾಸ್ ಸೇರಿಕೊಂಡರೆ ಒಂದು ಕಿಡಿ ಸಾಕು. ಪಕ್ಕದಲ್ಲಿ ಬೇರೆ, ಗಾಳಿ ಆಡುವ ಪೆಟ್ಟಿಗೆ. ಲಿಥಿಯಂ ಬ್ಯಾಟರಿ ಹಾಕುವುದಾದರೆ, ಪ್ಯಾನಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರಿನಲ್ಲಿ ಆ ಸೆಟ್ಟಿಂಗ್ ಇದೆಯಾ ನೋಡಿ. ಕಂಟ್ರೋಲರಿಗೆ ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್, ಕೊನೆಗೆ ಲಾಗರ್. ಬಿಚ್ಚುವಾಗ ಉಲ್ಟಾ. ನಾನೇ ಒಮ್ಮೆ ಅವಸರದಲ್ಲಿ ಪ್ಯಾನಲ್ ಮೊದಲು ಸಿಕ್ಕಿಸಿದೆ, ಕಂಟ್ರೋಲರ್ ಪ್ಯಾನಲಿನ 21 ವೋಲ್ಟ್ ನೋಡಿ ಇದು 24ರ ಸಿಸ್ಟಮ್ ಅಂತ ತಿಳಿದುಕೊಂಡು 12ರ ಬ್ಯಾಟರಿಯನ್ನು ಬೇಯಿಸಲು ಹೊರಟಿತ್ತು. ಬ್ಯಾಟರಿ ಬಿಸಿಯಾದದ್ದು ಕೈಗೆ ತಾಗಿ ಗೊತ್ತಾಯಿತು.

ಪ್ಯಾನಲ್ ಮನೆಯಲ್ಲೇ ಇರಬೇಕು ಅನ್ನುವುದಾದರೆ, ಪ್ಯಾನಲ್ ಮಾತ್ರ ಅಲ್ಲಿರಲಿ, ಕಂಟ್ರೋಲರ್ ಮತ್ತು ಬ್ಯಾಟರಿ ಕೆಳಗೆ ಬರಲಿ. ಉದ್ದ ವಯರಿನಲ್ಲಿ ಚಾರ್ಜಿಂಗ್ ಕರೆಂಟು ನಿಧಾನವಾಗಿ ಹರೀತದೆ, ಮೋಡೆಮಿನ ಎಳೆತ ಬ್ಯಾಟರಿ ಮತ್ತು ಲಾಗರಿನ ನಡುವಿನ ಒಂದು ಮೀಟರಿನಲ್ಲೇ ಮುಗೀತದೆ. 2.5 ಸ್ಕ್ವೇರಿನ ವಯರು, ಬೇರೆ ಪೈಪ್, ಮನೆಯಲ್ಲಿ ಮೈನಸ್ಸಿಗೆ ಅರ್ತ್ ಬೇಡ, ಶೆಡ್ಡಿನ ತುದಿಯಲ್ಲಿ, ಸಿಡಿಲಿಗೆ ಏರುವ ವೋಲ್ಟೇಜನ್ನು ಅರ್ತಿಗೆ ಇಳಿಸುವ ಡಿಸಿ ಸರ್ಜ್ ಪ್ರೊಟೆಕ್ಟರ್. ಸಿಡಿಲಿನ ಭಯ ಮಾತ್ರ ಪೂರ್ತಿ ಹೋಗುವುದಿಲ್ಲ. ಸರ್ಜ್ ಪ್ರೊಟೆಕ್ಟರಿನಿಂದ ಅರ್ತ್ ಪಟ್ಟಿಗೆ ಹೋಗುವ ವಯರು ಅರ್ಧ ಮೀಟರ್ ದಾಟಬಾರದು, ಸುರುಳಿ ಸುತ್ತಿ ಇಡಲೂಬಾರದು. ಚಂದ ಕಾಣಲಿ ಅಂತ ಸುತ್ತಿ ಟೈ ಹಾಕಿದ್ದನ್ನು ನಾನು ನೋಡಿದ್ದೇನೆ, ಆ ಚಂದಕ್ಕೆ ಸಿಡಿಲು ಬೇರೆ ದಾರಿ ಹುಡುಕ್ತದೆ. ಏನೇ ಮಾಡಿದರೂ ಅಕ್ಟೋಬರ್-ನವೆಂಬರಿನ ತುಲಾ ಮಾಸದ ಗುಡುಗಿಗೂ ಏಪ್ರಿಲ್-ಮೇ ಸಂಜೆಯ ಸಿಡಿಲಿಗೂ ನೂರಕ್ಕೆ ನೂರು ಉಪಾಯ ಇದೆ ಅಂತ ಯಾರಾದರೂ ಹೇಳಿದರೆ ಅವರ ಹತ್ತಿರ ಸಾಮಾನು ತಗೊಳ್ಳಬೇಡಿ.

ಫ್ಯೂಸ್ ಇವತ್ತೇ ಬದಲಿಸಿ. ಫ್ಯೂಸ್ ಇರುವುದು ವಯರನ್ನು ಕಾಯಲಿಕ್ಕೆ. ಸಣ್ಣ ಬ್ಯಾಟರಿಯೂ ಶಾರ್ಟ್ ಆದರೆ ನೂರಾರು ಆಂಪಿಯರ್ ಉಗುಳ್ತದೆ, ಅರ್ಧಂಬರ್ಧ ತಾಗಿದಾಗ 10ರ ಫ್ಯೂಸ್ ಹೋಗದೆಯೇ 0.75ರ ವಯರು ಕಾದು ಪ್ಲಾಸ್ಟಿಕ್ ಕರಗಬಹುದು, ಶೆಡ್ಡಿನಲ್ಲಿ ಸೋಗೆಯೋ ಗೋಣಿಯೋ ಇದ್ದರೆ ಮುಂದಿನದ್ದು ಹೇಳಬೇಕಾಗಿಲ್ಲ. 1ರದ್ದು ಯಾಕೆ ಹೋಗ್ತಾ ಇತ್ತು ಅಂದರೆ, ಲಾಗರ್ ಆನ್ ಆಗುವ ಕ್ಷಣದಲ್ಲಿ ಅದರೊಳಗಿನ ಕೆಪಾಸಿಟರುಗಳು ಒಂದೇ ಗುಟುಕಿಗೆ ಕುಡೀತವೆ. ನಿಧಾನಕ್ಕೆ ಹೋಗುವ ಫ್ಯೂಸ್, ಅಂಗಡಿಯಲ್ಲಿ ಸ್ಲೋ ಬ್ಲೋ ಅಂತಾರೆ, 2 ಆಂಪಿಯರಿನದು ತನ್ನಿ. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಹಾಕಿ.

ಡ್ರೈಯರಿನ 6 ಡಿಗ್ರಿ ಸುಲಭ. ಪಿಟಿ-100 ಅಂದರೆ ಸೊನ್ನೆ ಡಿಗ್ರಿಯಲ್ಲಿ 100 ಓಮ್, ಒಂದು ಡಿಗ್ರಿಗೆ 0.385 ಓಮ್ ಜಾಸ್ತಿ. ನೀವು 30 ಮೀಟರ್ ಎರಡೆಳೆ 0.5ರ ವಯರು ಹಾಕಿದ್ದೀರಿ, ಹೋಗಿ ಬಂದು 2.3 ಓಮ್. ಲಾಗರಿಗೆ ಅದು ವಯರಿನದ್ದೋ ಸೆನ್ಸರಿನದ್ದೋ ಗೊತ್ತಾಗದೆ ಎಲ್ಲ ಸೇರಿಸಿ 6 ಡಿಗ್ರಿ ಮಾಡಿಬಿಟ್ಟಿದೆ. ಲೆಕ್ಕದಲ್ಲಿ 6 ಕಳೆಯಬಹುದು, ಆದರೆ ಬಿಸಿಲಿಗೆ ವಯರು ಕಾದಾಗ ಅದೂ ಬದಲಾಗ್ತದೆ. ಮೂರೆಳೆ ವಯರು ಹಾಕಿ. ಸೆನ್ಸರಿನ ಎರಡು ಕೆಂಪು ಒಂದೇ ಕಡೆಯವು, ಬಿಳಿ ಇನ್ನೊಂದು ಕಡೆಯದು. ಲಾಗರಿನ ಸಾಫ್ಟ್‌ವೇರಿನಲ್ಲೂ ಮೂರು ವಯರು ಅಂತ ಬದಲಿಸುವುದನ್ನು ಮರೆತರೆ ವಯರು ಎಳೆದದ್ದು ದಂಡ.

ಸ್ಕ್ರೂ ಟರ್ಮಿನಲ್ಲಿಗೆ ವಯರಿನ ಎಳೆಗಳನ್ನು ಸುಮ್ನೆ ತಿರುಚಿ ತುರುಕಬೇಡಿ, ಸೋಲ್ಡರ್ ಹಾಕಿ ಗಟ್ಟಿ ಮಾಡುವುದೂ ಬೇಡ. ಸೋಲ್ಡರ್ ಒತ್ತಡಕ್ಕೆ ಮೆಲ್ಲಗೆ ಚಪ್ಪಟೆಯಾಗಿ ಆರು ತಿಂಗಳಲ್ಲಿ ಸ್ಕ್ರೂ ಸಡಿಲ ಆಗ್ತದೆ. ಎಳೆಗಳ ತುದಿಗೆ ಪಿನ್ ಲಗ್ ಅನ್ನುವ ಸಣ್ಣ ಲೋಹದ ಟೊಪ್ಪಿ ಒತ್ತಿ ಹಾಕಿ. ವಯರುಗಳೆಲ್ಲ ಪೆಟ್ಟಿಗೆಯ ಅಡಿಯಿಂದಲೇ ಒಳಗೆ ಹೋಗಲಿ, ವಯರು ಒಳಗೆ ನುಗ್ಗುವ ಬಿಗಿ ಬಾಯಿಯ, ಅಂದರೆ ಗ್ಲ್ಯಾಂಡಿನ ಮೊದಲು ಒಂದು ಜೋಲು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳ್ತದೆ. ಖಾಲಿ ತೂತುಗಳನ್ನು ಮುಚ್ಚಿ. ಮುಳ್ಳೇರಿಯ ಕಡೆ ಒಂದು ಪೆಟ್ಟಿಗೆ ಬಿಚ್ಚಿದಾಗ ಟರ್ಮಿನಲ್ ಸಾಲಿನ ಮೇಲೆ ಇರುವೆಗಳು ಮಣ್ಣು, ಬಿಳಿ ಮೊಟ್ಟೆ ಎಲ್ಲ ತಂದು ಸಂಸಾರ ಹೂಡಿದ್ದವು. ಮಳೆಗಾಲದಲ್ಲಿ ಆ ಮಣ್ಣು ಒದ್ದೆಯಾದಾಗ ಒಂದು ಚಾನಲಿನ ಸಿಗ್ನಲ್ ಪಕ್ಕದ ಚಾನಲಿಗೆ ಸೋರ್ತಿತ್ತು. ಮನೆಯವರು ಮೂರು ತಿಂಗಳು ಸೆನ್ಸರನ್ನು ಬೈದಿದ್ದರು.

ಕೊನೆಗೆ ಸುರಂಗದ ಹರಿವನ್ನೂ ಅಳೆಯಲಿಕ್ಕೆ ಇನ್ನೊಂದು ಮಾಡ್ಯೂಲ್ ಸೇರಿಸುವ ಅಂತ ಕೇಳಿದ್ದೀರಿ. ಸೇರಿಸಬಹುದು. ಪವರ್ ಪೂರ್ತಿ ತೆಗೆದೇ ಸಿಕ್ಕಿಸಿ, ಆನ್ ಇರುವಾಗ ಪಕ್ಕದ ಕನೆಕ್ಟರಿಗೆ ತಳ್ಳಿದರೆ ಪಿನ್ನುಗಳು ಹಿಂದು ಮುಂದಾಗಿ ತಾಗಿ ಎರಡೂ ಹೋಗಬಹುದು. ಎಲ್ಲ ಮಾಡ್ಯೂಲುಗಳ ಕರೆಂಟು ಕೂಡಿಸಿ ನೋಡಿ, ಮುಖ್ಯ ಘಟಕ ಕೊಡಬಲ್ಲ ಮಿತಿಯೊಳಗೆ ಇರಬೇಕು. ಮೀರಿದರೆ ನಡುವೆ ಪವರ್ ಕೊಡುವ ಮಾಡ್ಯೂಲ್ ಬೇಕು. ಸುರಂಗದ ಬಾಯಿಗೆ 90 ಡಿಗ್ರಿಯ ವಿ ಆಕಾರದ ತಗಡು ಕೂರಿಸಿದರೆ, 5 ಸೆಂಟಿಮೀಟರ್ ನೀರಿನ ಎತ್ತರಕ್ಕೆ ಸೆಕೆಂಡಿಗೆ ಸುಮಾರು ಮುಕ್ಕಾಲು ಲೀಟರ್. ಆದರೆ ಕೆರೆಯ 5 ಮೀಟರಿನ ಸೆನ್ಸರನ್ನೇ ಅಲ್ಲಿಗೆ ಹಾಕಬೇಡಿ. ಅರ್ಧ ಶೇಕಡಾ ತಪ್ಪು ಅಂದರೂ ಎರಡೂವರೆ ಸೆಂಟಿಮೀಟರ್, ಅಲ್ಲಿರುವ ನೀರಿನ ಅರ್ಧ. ಅರ್ಧ ಮೀಟರ್ ರೇಂಜಿನದ್ದು ಸಿಗುವವರೆಗೆ ಹತ್ತು ಲೀಟರಿನ ಬಕೆಟೂ ಕೈಗಡಿಯಾರವೂ ಸಾಕು.

ಹೋದ ಮಾಡ್ಯೂಲನ್ನು ಎಸೆಯಬೇಡಿ. ಮುಚ್ಚಳ ಬಿಚ್ಚಿ, ಟರ್ಮಿನಲಿನ ಹಿಂದಿನ ಸಾಲು ಕಾಣುವ ಹಾಗೆ ಬೆಳಕಿನಲ್ಲಿ ಒಂದು ಫೋಟೋ ತೆಗೆದು ಕಳಿಸಿ. ಸುಟ್ಟದ್ದು ಎದುರಿನ ಪ್ರೊಟೆಕ್ಷನ್ ಡಯೋಡ್ ಮಾತ್ರ ಆಗಿದ್ದರೆ ಅದನ್ನು ಬದಲಿಸಿ ನೋಡುವ.